ಉದ್ಯಮಬಾಗದ ಗೇಟಿನ ಒಳಗೆ ಯಾರನ್ನು ಕೇಳಬೇಕು?

ಹೋದ ವಾರ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಫೌಂಡ್ರಿಯಿಂದ, ಅಂದರೆ ಲೋಹ ಕರಗಿಸಿ ಎರಕ ಹುಯ್ಯುವ ಕಾರ್ಖಾನೆಯಿಂದ, ನನಗೆ ಇಂಟರ್ನ್‌ಶಿಪ್ ಪತ್ರ ಬಂತು. ಕ್ವಾಲಿಟಿ ವಿಭಾಗ, ಕೊನೆಯ ಸೆಮಿಸ್ಟರ್ ಪೂರ್ತಿ. ಅದು ನಮ್ಮ ಕಾಲೇಜಿಗೆ ಬರುವ ಕಂಪನಿ ಅಲ್ಲ, ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದೂ ಇಲ್ಲ. ಸುದ್ದಿ ಹಾಸ್ಟೆಲಿನಲ್ಲಿ ಹಬ್ಬಿದ ಸಂಜೆಯೇ ಜೂನಿಯರ್ ಒಬ್ಬಳು ರೂಮಿಗೆ ಬಂದು ಕೇಳಿದಳು: "ಅಕ್ಕಾ, ಯಾರ ವಶೀಲಿ ಹಚ್ಚಿದ್ರಿ?"

ವಶೀಲಿ ಯಾರದೂ ಇರಲಿಲ್ಲ. ಹಾಗಂತ ಯಾರ ಪರಿಚಯವೂ ಇಲ್ಲದೆ ಸಿಕ್ಕಿತು ಎಂದರೆ ಅದೂ ಸುಳ್ಳು. ಸುಮಾರು ಒಂದು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಗೊತ್ತಿದ್ದವರ ಮೂಲಕ ಗೊತ್ತಿಲ್ಲದವರ ಹತ್ತಿರ ಹೋಗಿ, ನೀವು ದಿನಾ ಏನು ಕೆಲಸ ಮಾಡುತ್ತೀರಿ ಎಂದು ಕೇಳುವುದು. ಇದನ್ನು ಹೇಗೆ ಮಾಡಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಾಲೇಜಿನಲ್ಲಿ "ನೆಟ್‌ವರ್ಕಿಂಗ್ ಮಾಡ್ರಿ" ಎಂದು ಅತಿಥಿ ಉಪನ್ಯಾಸಕರು ಹೇಳಿ, ಶಾಲು ಹೊದಿಸಿಕೊಂಡು ಹೋಗುತ್ತಿದ್ದರು. ಅದಕ್ಕೇ ಇದನ್ನೆಲ್ಲ ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಬೈಲಹೊಂಗಲ ತಾಲೂಕು. ಅಪ್ಪನದು ಕಬ್ಬಿನ ಹೊಲ. ಮನೆಯಲ್ಲಿ ಕಂಪನಿಯ ಒಳಗೆ ಕಾಲಿಟ್ಟವರು ಯಾರೂ ಇಲ್ಲ. ಅಪ್ಪನಿಗೆ ಗೊತ್ತಿದ್ದ ಇಂಜಿನಿಯರ್ ಎಂದರೆ ಹೆಸ್ಕಾಂ ಸೆಕ್ಷನ್ ಆಫೀಸಿನವರು ಒಬ್ಬರೇ, ಅವರ ಪರಿಚಯವಾದದ್ದೂ ಟ್ರಾನ್ಸ್‌ಫಾರ್ಮರ್ ಸುಟ್ಟಾಗ. ನಾನು ಮೆಕ್ಯಾನಿಕಲ್ ತೆಗೆದುಕೊಂಡದ್ದು ಮಾರ್ಕ್ಸ್ ಮತ್ತು ಸೀಟಿನ ಲೆಕ್ಕದಲ್ಲಿ. ಐದನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಕ್ಲಾಸಿನಲ್ಲಿ ಮೂರು ಗುಂಪಾಗಿದ್ದವು. ಸಾಫ್ಟ್‌ವೇರ್ ಕಡೆ ಹೊರಟವರು, ಡಿಸೈನ್ ಕೋರ್ಸಿಗೆ ದುಡ್ಡು ಕಟ್ಟಿದವರು, "ನೋಡೋಣು" ಎನ್ನುವವರು. ನಾನು ಮೂರನೆಯದರಲ್ಲಿದ್ದೆ.

ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರಿಗೂ ಅದದೇ ಸುದ್ದಿ. ಒಬ್ಬಳಿಗೆ ಗೊತ್ತಾದ ನೇಮಕಾತಿ ಡ್ರೈವ್ ಅರ್ಧ ತಾಸಿನಲ್ಲಿ ಎಲ್ಲರ ಫೋನಿನಲ್ಲಿ. ಇದನ್ನು ನಮ್ಮ ಮ್ಯಾನೇಜ್‌ಮೆಂಟ್ ವಿಷಯದ ಮೇಡಮ್ ಹತ್ತಿರ ಹೇಳಿಕೊಂಡಾಗ ಅವರು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಹೇಳಿದರು. ಪರಿಚಯದವರಿಂದ ನೌಕರಿ ಸಿಕ್ಕವರನ್ನು ಅವರು ವಿಚಾರಿಸಿದಾಗ, ಆ ಪರಿಚಯದವರು ತಮಗೆ ಪದೇ ಪದೇ ಸಿಗುವವರು ಎಂದವರು ನೂರಕ್ಕೆ 17ರಷ್ಟು ಮಾತ್ರ. ಸುಮಾರು 56 ಮಂದಿಗೆ ಆಗೊಮ್ಮೆ ಈಗೊಮ್ಮೆ ಸಿಗುವವರಿಂದ, 28 ಮಂದಿಗೆ ವರ್ಷಕ್ಕೊಮ್ಮೆ ಕಂಡರೆ ಹೆಚ್ಚು ಎನ್ನುವಂಥವರಿಂದ ಸುದ್ದಿ ಸಿಕ್ಕಿತ್ತು. 2022ರಲ್ಲಿ ಉದ್ಯೋಗಸ್ಥರ ಜಾಲತಾಣ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದ ಅಧ್ಯಯನದಲ್ಲೂ, ಬಹಳ ಹತ್ತಿರದವರಿಗಿಂತ ಸ್ವಲ್ಪ ದೂರದ ಪರಿಚಯವೇ ಕೆಲಸ ಬದಲಿಸಲು ಹೆಚ್ಚು ನೆರವಾದದ್ದು ಕಂಡಿತು. ನನ್ನ ಗೆಳತಿಯರಿಗೆ ಗೊತ್ತಿದ್ದದ್ದೆಲ್ಲ ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಬೇಕಾದರೆ ಗ್ರೂಪಿನ ಆಚೆಗೇ ಹೋಗಬೇಕಿತ್ತು.

ರಜೆಯಲ್ಲಿ ಊರಿಗೆ ಹೋದಾಗ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹೆಸರು ಬರೆಯಲು ಕುಳಿತೆ. ನಂಬಲಿಕ್ಕಿಲ್ಲ, ಅವ್ವನೇ ನನಗಿಂತ ಹೆಚ್ಚು ಹೆಸರು ಹೇಳಿದಳು. "ನಿಮ್ಮ ಸ್ವಾದರಮಾವನ ಮನಿ ಬಾಜೂಕಿನವರ ಮಗಾ ಬೆಳಗಾಂವ್ಯಾಗ ಕಾರ್ಖಾನ್ಯಾಗ ಅದಾನಲ್ಲ?" ಆ ಅಣ್ಣ ಐಟಿಐ ಮುಗಿಸಿ ಉದ್ಯಮಬಾಗದ ಒಂದು ಮಶೀನ್ ಶಾಪಿನಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಶೀನಿನ, ಆಪರೇಟರ್ ಆಗಿದ್ದ. ಫೋನ್ ಮಾಡಿದರೆ ಅವನಿಗೇ ಮುಜುಗರ. "ನಾ ಬರೇ ಆಪರೇಟರ್ ಅದೀನಿ ತಂಗಿ. ನೀ ಇಂಜಿನಿಯರಿಂಗ್ ಓದಾಕಿ, ನನ್ನ ಕೇಳಿ ಏನ್ ಮಾಡ್ತಿ?"

ಈ ವರ್ಷದಲ್ಲಿ ಯಾರಿಂದಲೂ ಇಷ್ಟು ಕಲಿಯಲಿಲ್ಲ ಎನ್ನುವಷ್ಟು ಅವನಿಂದ ಅರ್ಧ ತಾಸಿನಲ್ಲಿ ಕಲಿತೆ. ಅವನ ಶಿಫ್ಟ್ ಮುಗಿಯುವ ಹೊತ್ತಿಗೆ ಗೆಳತಿಯ ಜೊತೆ ಹೋಗಿದ್ದೆ, ಖಾನಾಪುರ ರಸ್ತೆಯ ಬದಿಯ ಚಹಾ ಅಂಗಡಿಯಲ್ಲಿ ಮಾತು. ಡ್ರಾಯಿಂಗಿನಲ್ಲಿ ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಎಂಬುದು) ತಪ್ಪಿದರೆ ಯಾರ ಹತ್ತಿರ ಜಗಳ ಬರುತ್ತದೆ, ಹೊಸದಾಗಿ ಬಂದ ಇಂಜಿನಿಯರ್‌ಗಳಲ್ಲಿ ಯಾರು ಉಳಿಯುತ್ತಾರೆ, ಯಾರು ದೀಪಾವಳಿ ಬೋನಸ್ ತೆಗೆದುಕೊಂಡು ಪುಣೆ ಬಸ್ ಹತ್ತುತ್ತಾರೆ, ಎಲ್ಲ ಹೇಳಿದ. ಏಳುವ ಮೊದಲು ನಾನು ಒಂದೇ ಪ್ರಶ್ನೆ ಉಳಿಸಿಕೊಂಡಿದ್ದೆ: "ಅಣ್ಣಾ, ಇದರ ಬಗ್ಗೆ ಇನ್ನೂ ಯಾರನ್ನ ಕೇಳಿದ್ರ ಛಲೋ?" ಅವರ ಶಾಪಿಗೆ ಕಾಸ್ಟಿಂಗ್ (ಎರಕದ ಬಿಡಿಭಾಗ) ಕಳಿಸುವ ಫೌಂಡ್ರಿಯ ಕ್ವಾಲಿಟಿ ಇಂಜಿನಿಯರ್ ಹೆಸರನ್ನು ಅವನು ಹೇಳಿದ್ದು ಆಗಲೇ. ಈ ಪ್ರಶ್ನೆಯನ್ನು ಮಾತ್ರ ಮರೆಯಬೇಡಿ. ಮುಂದಿನ ಹೆಸರು ಸಿಗದೆ ಎದ್ದು ಬಂದರೆ ಸರಪಳಿ ಅಲ್ಲಿಗೇ ತುಂಡಾಗುತ್ತದೆ.

ಅದೇ ರೀತಿ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಆಫೀಸಿಗಿಂತ ಹೆಚ್ಚು ಕಾರ್ಖಾನೆ ಗೊತ್ತಿದ್ದವರು ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್. ಮಚ್ಛೆಯಿಂದ ಉದ್ಯಮಬಾಗದವರೆಗೆ ಯಾರ ಹತ್ತಿರ ಯಾವ ಮಶೀನ್ ಇದೆ ಎಂದು ಅವರಿಗೆ ಬಾಯಿಪಾಠ. ಅವರನ್ನು ಯಾವ ವಿದ್ಯಾರ್ಥಿಯೂ ಕೇಳುವುದಿಲ್ಲ, ಯಾಕೆಂದರೆ ಅವರು ಪ್ರೊಫೆಸರ್ ಅಲ್ಲ!

ಇನ್ನು ಲಿಂಕ್ಡ್‌ಇನ್. ಇದರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಊರು ಬಿಟ್ಟು ಹೋದವರನ್ನು ಹುಡುಕಲು ಅದು ಬಹಳ ಒಳ್ಳೆಯದು. ಊರಲ್ಲೇ ಇರುವ ಸಣ್ಣ ಕಾರ್ಖಾನೆ ಮಾಲಕರನ್ನು ಹುಡುಕಲು ಏನೂ ಉಪಯೋಗವಿಲ್ಲ, ಅವರು ಅಲ್ಲಿ ಇರುವುದೇ ಇಲ್ಲ. ಅವರಿಗೆ ಫೋನ್ ಮಾಡಬೇಕು, ಇಲ್ಲವೇ ಅವರಿಗೆ ಗೊತ್ತಿದ್ದವರ ಜೊತೆ ಹೋಗಬೇಕು.

ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟಕ್ಕೆ ಹೋದರೆ ಅಲಮ್ನಿ ಎಂಬ ಭಾಗ ಇರುತ್ತದೆ. ಹಳೆಯ ವಿದ್ಯಾರ್ಥಿಗಳು ಯಾವ ಊರಲ್ಲಿದ್ದಾರೆ, ಯಾವ ಕಂಪನಿ, ಯಾವ ತರಹದ ಕೆಲಸ ಎಂದು ಸೋಸಿ ನೋಡಬಹುದು. ನಮ್ಮ ಮೆಕ್ಯಾನಿಕಲ್‌ನವರು ಎಷ್ಟೊಂದು ಮಂದಿ ಪುಣೆ ಮತ್ತು ಬೆಂಗಳೂರಿನಲ್ಲಿದ್ದಾರೆ, ಹತ್ತರಗಿಯ ಏಕಸ್ ವಿಮಾನ ಬಿಡಿಭಾಗದ ಎಸ್‌ಇಜೆಡ್‌ನಲ್ಲಿ (ವಿಶೇಷ ಆರ್ಥಿಕ ವಲಯ) ಯಾರಿದ್ದಾರೆ ಎಂಬುದೆಲ್ಲ ಅಲ್ಲೇ ತಿಳಿಯಿತು. ಉಚಿತ ಖಾತೆಯಲ್ಲಿ ಪರಿಚಯ ಕೋರುವ ರಿಕ್ವೆಸ್ಟ್ ಜೊತೆಗೆ ಟಿಪ್ಪಣಿ ಬರೆಯಲು ತಿಂಗಳಿಗೆ ಕೆಲವೇ ಅವಕಾಶ, ಅದೂ ಚಿಕ್ಕದಾಗಿ. ಹಾಗಾಗಿ ಸಿಕ್ಕಸಿಕ್ಕವರಿಗೆ ಕಳಿಸಿ ಅದನ್ನು ಮುಗಿಸಿಕೊಳ್ಳಬೇಡಿ. ನೀವು ಯಾರ ಪ್ರೊಫೈಲ್ ನೋಡುತ್ತೀರೋ ಅವರಿಗೆ ಅದು ಗೊತ್ತಾಗುತ್ತದೆ, ಬೇಡವಾದರೆ ಸೆಟ್ಟಿಂಗ್ಸ್‌ನಲ್ಲಿ ಬದಲಿಸಿಕೊಳ್ಳಿ.

ನಾನು ಕಳಿಸುತ್ತಿದ್ದುದು ಇಷ್ಟೇ: ನಾನು ಇಂಥ ಕಾಲೇಜಿನ ಮೆಕ್ಯಾನಿಕಲ್ ವಿದ್ಯಾರ್ಥಿನಿ, ಬೈಲಹೊಂಗಲದ ಕಡೆಯವಳು, ಡಿಸೈನ್ ಕೆಲಸವೋ ಫೌಂಡ್ರಿಯೋ ಎಂದು ತಿಳಿಯುತ್ತಿಲ್ಲ, ನಿಮ್ಮ ಕೆಲಸದ ಬಗ್ಗೆ 15 ನಿಮಿಷ ಫೋನಿನಲ್ಲಿ ಕೇಳಬಹುದೇ. ಊರಿನ ಹೆಸರು ಹಾಕಿದ ಮೇಲೆ ಉತ್ತರ ಬರುವುದು ಹೆಚ್ಚಾಯಿತು. ಹೆಚ್ಚಾಯಿತು ಎಂದರೂ ಉತ್ತರ ಕೊಡದವರೇ ಬಹಳ. ಆ ಕಾಯುವಿಕೆ ಬಹಳ ಕೆಟ್ಟದ್ದು. ಮೆಸೇಜ್ ಕಳಿಸಿ ಊಟಕ್ಕೆ ಕುಳಿತರೂ ಕೈ ಫೋನಿನ ಕಡೆಗೇ. ಸಣ್ಣವಳಾದೆ ಅನಿಸುತ್ತದೆ, ಏನೋ ಭಿಕ್ಷೆ ಬೇಡಿದ ಹಾಗೆ. ಎರಡು ವಾರ ಬಿಟ್ಟು ಒಮ್ಮೆ ನೆನಪಿಸುತ್ತಿದ್ದೆ, ಆಮೇಲೆ ಬಿಟ್ಟುಬಿಡುತ್ತಿದ್ದೆ. ಒಬ್ಬರಂತೂ ನಾಲ್ಕು ತಿಂಗಳಾದ ಮೇಲೆ "ಸಾರಿ ಅಮ್ಮಾ, ಈಗ ನೋಡಿದೆ" ಎಂದು ಬರೆದು, ಅದೇ ಸಂಜೆ ಮುಕ್ಕಾಲು ತಾಸು ಮಾತಾಡಿದರು.

ಪುಣೆಯಲ್ಲಿ ಡಿಸೈನ್ ಇಂಜಿನಿಯರ್ ಆಗಿರುವ ಅಕ್ಕನೊಬ್ಬಳು ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡಿದಳು, ಹಿಂದೆ ಕುಕ್ಕರ್ ಸೀಟಿ ಕೇಳಿಸುತ್ತಿತ್ತು. ನಾನು ರೆಸ್ಯೂಮೆ ಕಳಿಸಲೇ ಎಂದದ್ದಕ್ಕೆ "ಈಗ ಬ್ಯಾಡ. ರೆಸ್ಯೂಮೆ ಬಂದ್ರ ನಾ ಎಚ್‌ಆರ್‌ಗೆ ಕಳಸಿ ಕೈ ತೊಳಕೋತೀನಿ, ನಿನಗ ಏನೂ ತಿಳಿಯೂದಿಲ್ಲ" ಎಂದಳು. ಸಾಫ್ಟ್‌ವೇರ್‌ನಲ್ಲಿ ಮಾಡೆಲ್ ಎಬ್ಬಿಸುವುದು ಕೆಲಸದ ಸಣ್ಣ ಭಾಗ, ಆ ಬಿಡಿಭಾಗವನ್ನು ಅಚ್ಚು ಹಾಕುವವನು, ಕೊರೆಯುವವನು ಏನು ಹೇಳುತ್ತಾನೆ ಎಂದು ತಿಳಿಯದವಳು ಡಿಸೈನರ್ ಆಗಿ ಬಹಳ ದಿನ ನಿಲ್ಲುವುದಿಲ್ಲ ಎಂದಳು. ಮೊದಲು ಒಂದು ಫೌಂಡ್ರಿಯನ್ನೋ ಮಶೀನ್ ಶಾಪನ್ನೋ ಒಳಗಿಂದ ನೋಡು ಎಂಬುದು ಅವಳ ಮಾತು. ₹20,000ದ ಕೋರ್ಸ್ ಸೇರುವ ಯೋಚನೆ ಆ ರಾತ್ರಿಯೇ ಬಿಟ್ಟೆ.

ಹುಡುಗಿಯರಿಗೆ ಒಂದು ಮಾತು ಇಲ್ಲೇ ಹೇಳಬೇಕು. ಈ ಹುಡುಕಾಟಕ್ಕಾಗಿಯೇ ಬೇರೆ ಇಮೇಲ್ ಮಾಡಿಕೊಳ್ಳಿ, ಫೋನ್ ನಂಬರನ್ನು ಮೊದಲ ಮೆಸೇಜಿನಲ್ಲೇ ಕೊಡಬೇಡಿ. ಭೇಟಿ ಎಂದರೆ ಆಫೀಸು, ಕಾಲೇಜು, ಇಲ್ಲವೇ ಹಗಲು ಹೊತ್ತಿನ ಚಹಾ ಅಂಗಡಿ, ಜೊತೆಗೆ ಒಬ್ಬ ಗೆಳತಿ. "ಸಂಜಿ ಮ್ಯಾಲೆ ಬಾ, ಡಿನ್ನರ್ ಮಾಡ್ಕೋತ ಮಾತಾಡೋಣು" ಎಂದ ಒಬ್ಬನನ್ನು ಎರಡನೇ ಮಾತಿಲ್ಲದೆ ಬ್ಲಾಕ್ ಮಾಡಿದೆ. ಅದಕ್ಕೆ ವಿವರಣೆ ಕೊಡುವ ಸಾಲ ನಮಗಿಲ್ಲ. ಇನ್ನೊಂದು ಕಾಟ, ದುಡ್ಡಿನದು. "ಗ್ಯಾರಂಟಿ ಇಂಟರ್ನ್‌ಶಿಪ್, ಸರ್ಟಿಫಿಕೇಟ್ ಸಹಿತ, ₹2,500" ಎಂದು ಬಂದವರು ಒಬ್ಬಿಬ್ಬರಲ್ಲ. ನಮ್ಮ ಕ್ಲಾಸಿನ ಕೆಲವರು ಕಟ್ಟಿದರು. ಅವರಿಗೆ ಸರ್ಟಿಫಿಕೇಟ್ ಬಂತು, ಕೆಲಸ ಎಂಬುದು ಬರಲೇ ಇಲ್ಲ. ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ, ಅಷ್ಟು ತಿಳಿದಿದ್ದರೆ ಸಾಕು.

ಈಗ ಫೌಂಡ್ರಿಯ ಗೇಟಿಗೆ ಬರುತ್ತೇನೆ. ಆಪರೇಟರ್ ಅಣ್ಣ ಹೇಳಿದ ಕ್ವಾಲಿಟಿ ಇಂಜಿನಿಯರ್ ಫೋನಿನಲ್ಲಿ "ಬರ್ರಿ, ನೋಡ್ಕೊಂಡ್ ಹೋಗ್ರಿ" ಎಂದಿದ್ದರು. ಆದರೆ ವಾಚ್‌ಮನ್ ಕಾಕಾ ಬಿಡಲಿಲ್ಲ. ಕಾಲೇಜಿನ ಪತ್ರ ಬೇಕು, ಅದರ ಮೇಲೆ ಎಚ್‌ಒಡಿ (ವಿಭಾಗದ ಮುಖ್ಯಸ್ಥರ) ಸಹಿ ಮತ್ತು ಸೀಲು ಬೇಕು, ಆಧಾರ್ ಝೆರಾಕ್ಸ್ ಬೇಕು, ಕಾಲಿಗೆ ಸೇಫ್ಟಿ ಶೂ ಬೇಕು. "ಚಪ್ಪಲ್ ಹಾಕ್ಕೊಂಡ್ ಒಳಗ ಬಿಟ್ರ ನನ್ನ ನೌಕರಿ ಹೋಗ್ತೈತವ್ವಾ" ಎಂದರು. ಅವರ ಮಾತೂ ಸರಿಯೇ, ಒಳಗೆ ಹರಿಯುವುದು 1,400 ಡಿಗ್ರಿ ಸೆಲ್ಸಿಯಸ್ ಹತ್ತಿರದ ಕಬ್ಬಿಣ.

ಪತ್ರಕ್ಕಾಗಿ ಕಾಲೇಜಿನಲ್ಲಿ ಪಟ್ಟ ಪಾಡು ಗೇಟಿನದಕ್ಕಿಂತ ದೊಡ್ಡದು. ಅರ್ಜಿ ಬರೆದುಕೊಟ್ಟೆ. ಗೈಡ್ ಸಹಿ ಆದಾಗ ಎಚ್‌ಒಡಿ ಪರೀಕ್ಷಾ ಕೆಲಸದ ಮೇಲೆ ಹೊರಗೆ, ಅವರು ಬಂದಾಗ ಸೀಲು ಇರುವ ಕಪಾಟಿನ ಕೀಲಿ ಇದ್ದವರು ರಜೆ. "ಬರೇ ಮಾತಾಡಾಕ ಹೋಗಾಕ ಪತ್ರ ಯಾಕ ಬೇಕು? ಇಂಟರ್ನ್‌ಶಿಪ್ ಸಿಕ್ಕ ಮ್ಯಾಲೆ ಬಾ" ಎಂದು ಆಫೀಸಿನಲ್ಲಿ ಒಬ್ಬರು ವಾಪಸ್ ಕಳಿಸಿದರು. ಒಳಗೆ ಹೋಗದೆ ಸಿಗುವುದಿಲ್ಲ, ಸಿಗದೆ ಒಳಗೆ ಬಿಡುವುದಿಲ್ಲ. ಕೊನೆಗೆ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಒಂದು ದಾರಿ ಹೇಳಿದರು: ಪತ್ರದಲ್ಲಿ "ಕೈಗಾರಿಕಾ ಭೇಟಿ" ಎಂದು ಬರೆಸು, ಅದಕ್ಕೆ ನಮೂನೆ ಮೊದಲೇ ಇದೆ. ಎರಡೇ ದಿನದಲ್ಲಿ ಸಹಿಯಾಯಿತು. ನೀವೂ ಹಾಗೆಯೇ ಬರೆಸಿ, ಕಂಪನಿಯ ಹೆಸರಿನ ಜಾಗದಲ್ಲಿ "ಸಂಬಂಧಪಟ್ಟವರಿಗೆ" ಎಂದು ಹಾಕಿಸಿಕೊಂಡರೆ ಒಂದೇ ಪತ್ರ ನಾಲ್ಕು ಕಡೆ ನಡೆಯುತ್ತದೆ.

ಒಳಗೆ ಹೋದ ದಿನ ಜೋರು ಮಳೆ. ಗೇಟಿನಲ್ಲಿ ಫೋನಿನ ಕ್ಯಾಮರಾಕ್ಕೆ ಸ್ಟಿಕ್ಕರ್ ಹಚ್ಚಿದರು. ಕ್ವಾಲಿಟಿ ಸರ್ ಮೀಟಿಂಗಿನಲ್ಲಿದ್ದರು, ಒಂದೂವರೆ ತಾಸು ಬೆಂಚಿನ ಮೇಲೆ ಕುಳಿತೆ. ಎದ್ದು ಹೋಗಿಬಿಡೋಣ ಅನಿಸಿದ್ದು ನಿಜ. ಅವರು ಬಂದವರೇ ಕ್ಷಮೆ ಗಿಮೆ ಏನೂ ಹೇಳದೆ "ಬಾ" ಎಂದು ಸೀದಾ ಮೋಲ್ಡಿಂಗ್ ಕಡೆ, ಅಂದರೆ ಮರಳಿನ ಅಚ್ಚು ಮಾಡುವ ಕಡೆ, ನಡೆದರು.

ಅಲ್ಲಿ ಕಪ್ಪು ಮರಳಿನ ರಾಶಿ. ಅವರು ಒಂದು ಹಿಡಿ ತೆಗೆದುಕೊಂಡು ಮುಷ್ಟಿಯಲ್ಲಿ ಬಿಗಿಯಾಗಿ ಹಿಚುಕಿ, ಕೈ ಬಿಚ್ಚಿ ತೋರಿಸಿದರು. ಉಂಡೆಯ ಮೇಲೆ ಬೆರಳಿನ ಗುರುತು ಅಚ್ಚಾಗಿ ಮೂಡಿತ್ತು. ಅದನ್ನು ಎರಡೂ ಕೈಯಿಂದ ಮುರಿದರು, ಅಂಚು ಉದುರದೆ ಸ್ವಚ್ಛವಾಗಿ ಎರಡಾಯಿತು. ಅಂಗೈಗೆ ಮರಳು ಅಂಟಿದರೆ ನೀರು ಹೆಚ್ಚು, ಉಂಡೆ ಪುಡಿಯಾದರೆ ಕಡಿಮೆ. ಈ ಮರಳಿಗೆ ಬೆಂಟೊನೈಟ್ ಮಣ್ಣು, ಕಲ್ಲಿದ್ದಲ ಪುಡಿ, ನೂರಕ್ಕೆ 3ರಿಂದ 4ರಷ್ಟು ನೀರು ಸೇರಿರುತ್ತದೆ. ನೀರು ಜಾಸ್ತಿಯಾದರೆ ಕಾದ ಕಬ್ಬಿಣ ಬಿದ್ದ ಕೂಡಲೇ ಆವಿ ಎದ್ದು ಕಾಸ್ಟಿಂಗಿನಲ್ಲಿ ತೂತು ಬೀಳುತ್ತದೆ, ಬ್ಲೋ ಹೋಲ್ ಎನ್ನುವುದು ಅದಕ್ಕೇ. "ಬೆಳಗಾಂವಿ ಮಳೀ ನಿನಗ ಗೊತ್ತಲ್ಲ, ಜೂನ್ ಬಂದ್ರ ನಮ್ಮ ರಿಜೆಕ್ಷನ್ ಏರ್ತೈತಿ" ಎಂದರು. ಆಮೇಲೆ ಉಂಡೆಯನ್ನು ನನ್ನ ಕೈಗೆ ಕೊಟ್ಟು "ನೀ ಮಾಡು" ಎಂದರು. ಕೈಯೆಲ್ಲ ಕಪ್ಪಾಯಿತು. ಮೂರು ವರ್ಷ ಓದಿದ ಮ್ಯಾನುಫ್ಯಾಕ್ಚರಿಂಗ್ ಪ್ರೊಸೆಸ್ ಆ ಮುಷ್ಟಿಯಲ್ಲಿ ಮೊದಲ ಬಾರಿ ಸಿಕ್ಕಿತು.

ಕುಲುಮೆಯ ಹತ್ತಿರ ಕರಗಿದ ಲೋಹದ ಸ್ಯಾಂಪಲ್ ತೆಗೆದು ಬಿಲ್ಲೆ ಮಾಡಿ, ಲೋಹದಲ್ಲಿ ಏನೇನು ಎಷ್ಟಿದೆ ಎಂದು ತೋರಿಸುವ ಸ್ಪೆಕ್ಟ್ರೋಮೀಟರಿಗೆ ಇಡುವುದನ್ನೂ, ಕಾರ್ಬನ್ ಸಿಲಿಕಾನ್ ಅಂಕಿ ನೋಡಿ ಹುಯ್ಯಬೇಕೋ ನಿಲ್ಲಿಸಬೇಕೋ ಎಂದು ಒಬ್ಬ ಇಂಜಿನಿಯರ್ ನಿಂತಲ್ಲೇ ಹೇಳುವುದನ್ನೂ ನೋಡಿದೆ. ಅವನಿಗೆ ನನಗಿಂತ ನಾಲ್ಕೈದು ವರ್ಷ ಹೆಚ್ಚು ಇರಬಹುದು. ನನಗೆ ಬೇಕಾದದ್ದು ಇದು ಎಂದು ಅಲ್ಲೇ ತಿಳಿಯಿತು.

ಆದರೂ ಅಂದು ನಾನು ಇಂಟರ್ನ್‌ಶಿಪ್ ಕೇಳಲಿಲ್ಲ. ಕೇಳಿದ್ದು ಅವರ ದಿನ ಹೇಗೆ ಶುರುವಾಗುತ್ತದೆ, ಈ ಕೆಲಸದಲ್ಲಿ ಬೇಸರ ಬರುವ ಭಾಗ ಯಾವುದು, ಹೆಣ್ಣುಮಕ್ಕಳು ಶಾಪ್ ಫ್ಲೋರಿನಲ್ಲಿ ಇದ್ದಾರೆಯೇ, ಮತ್ತೆ ಶುರುವಿನ ಸಂಬಳ ಅಂದಾಜು ಎಷ್ಟು. ಸಂಬಳ ಕೇಳಬಾರದು ಎನ್ನುತ್ತಾರೆ. ನಿಮ್ಮದೆಷ್ಟು ಎಂದು ಕೇಳಬಾರದು ನಿಜ, ಹೊಸಬರಿಗೆ ಎಷ್ಟು ಎಂದು ಕೇಳಿದರೆ ಯಾರೂ ಸಿಟ್ಟಾಗಲಿಲ್ಲ. ಮಾತು ಕನ್ನಡದಲ್ಲಿ ಶುರುವಾಗಿ, ಸೂಪರ್‌ವೈಸರ್ ಬಂದಾಗ ಮರಾಠಿಗೆ ಹೊರಳಿ, ರಿಪೋರ್ಟ್ ತೋರಿಸುವಾಗ ಇಂಗ್ಲಿಷಿಗೆ ಹೋಗುತ್ತಿತ್ತು. ನನ್ನ ಮರಾಠಿ ಅಷ್ಟಕ್ಕಷ್ಟೇ. ಬೆಳಗಾವಿಯಲ್ಲಿ ಅಷ್ಟಿದ್ದರೂ ನಡೆಯುತ್ತದೆ.

ಧನ್ಯವಾದ ಹೇಳಲು ಕುಂದಾ ಬಾಕ್ಸ್ ಒಯ್ಯಲೇ ಎಂದು ಅಪ್ಪನನ್ನು ಕೇಳಿದ್ದೆ. ಅಪ್ಪ "ಒಯ್ಯಿ" ಎಂದ, ಆಪರೇಟರ್ ಅಣ್ಣ "ಬ್ಯಾಡ, ಬ್ಯಾರೇನ ತಿಳ್ಕೋತಾರ" ಎಂದ. ಅಣ್ಣನ ಮಾತು ಕೇಳಿದೆ. ಅದರ ಬದಲು ಮರುದಿನ ಒಂದು ಮೆಸೇಜ್ ಕಳಿಸಿದೆ, ಅದರಲ್ಲಿ ಅವರು ಹೇಳಿದ್ದರಲ್ಲಿ ನನಗೆ ಹೊಸದಾದದ್ದು ಒಂದೇ ಸಂಗತಿ ಬರೆದಿದ್ದೆ. ಕೆಲವು ವಾರದ ಮೇಲೆ, ಮರಳಿನ ತೇವ ಅಳೆಯುವ ಉಪಕರಣದ ಬಗ್ಗೆ ಲ್ಯಾಬಿನಲ್ಲಿ ಓದಿದಾಗ ಮತ್ತೊಂದು ಕಳಿಸಿದೆ. ಕ್ಯಾಲ್ಸಿಯಂ ಕಾರ್ಬೈಡ್ ಜೊತೆ ಮರಳು ಕುಲುಕಿದರೆ ನೀರಿನ ಪ್ರಮಾಣಕ್ಕೆ ತಕ್ಕಂತೆ ಅಸಿಟಿಲಿನ್ ಅನಿಲ ಎದ್ದು ಒತ್ತಡ ತೋರಿಸುತ್ತದಲ್ಲ, ನಿಮ್ಮಲ್ಲಿ ಮಳೆಗಾಲದಲ್ಲಿ ಇದನ್ನು ದಿನಕ್ಕೆ ಎಷ್ಟು ಸಲ ನೋಡುತ್ತೀರಿ ಎಂದು ಕೇಳಿದ್ದೆ. ಅವರು ಉತ್ತರದ ಜೊತೆಗೇ "ಇಂಟರ್ನ್‌ಶಿಪ್ ಎಲ್ಲಿ ಮಾಡಾಕತ್ತಿ?" ಎಂದು ಬರೆದರು. ಹಾಗೆ ಅವರೇ ಕೇಳುವ ತನಕ ತಡೆದದ್ದು ಸುಲಭವಾಗಿರಲಿಲ್ಲ, ಅಷ್ಟರಲ್ಲಿ ಕ್ಲಾಸಿನ ಅರ್ಧ ಮಂದಿಗೆ ಎಲ್ಲೋ ಒಂದು ಕಡೆ ಸೇರಿದ ಪತ್ರ ಬಂದಾಗಿತ್ತು. ಮನೆಯಲ್ಲೂ "ಇನ್ನ ಎಷ್ಟ್ ಮಂದೀನ ಕೇಳ್ಕೋತ ಅಡ್ಡಾಡ್ತಿ?" ಎಂದು ಶುರುವಾಗಿತ್ತು.

ಅದಾದ ಮೇಲೆ ರೆಸ್ಯೂಮೆ ಒಂದು ಪುಟ, ಪ್ಲಾಂಟ್ ಮ್ಯಾನೇಜರ್ ಜೊತೆ ಮಾತು, ಮತ್ತೆ ಕಾಯುವುದು. ಮ್ಯಾನೇಜರ್ ಕೇಳಿದ್ದು ಎರಡೇ: ಮರಳಿನ ಬಗ್ಗೆ, ಮತ್ತೆ ಹಾಸ್ಟೆಲಿನಿಂದ ಬೆಳಿಗ್ಗೆ ಎಂಟಕ್ಕೆ ಮುಟ್ಟುತ್ತೀಯಾ ಎಂದು. ಸ್ಟೈಪೆಂಡ್ ಇಲ್ಲ, ಮಧ್ಯಾಹ್ನದ ಊಟ ಕ್ಯಾಂಟೀನಿನಲ್ಲಿ. ಡಿಗ್ರಿ ಮುಗಿದ ಮೇಲೆ ಸ್ಟೈಪೆಂಡ್ ಸಹಿತ ಕಲಿಯಬೇಕೆಂದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ, ಅಂದರೆ ನ್ಯಾಟ್ಸ್, ಇದೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರಿಗೆ ಒಂದು ವರ್ಷದ ತರಬೇತಿ, ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಇದನ್ನು ಹೇಳಿದವರೂ ಆ ಕ್ವಾಲಿಟಿ ಸರ್. ನಮ್ಮ ಕ್ಲಾಸಿನಲ್ಲಿ ಹೆಚ್ಚಿನವರು ಇದರ ಹೆಸರೇ ಕೇಳಿರಲಿಲ್ಲ.

ಖರ್ಚಿನ ಲೆಕ್ಕ ಕೇಳುವವರಿಗೆ: ಸೇಫ್ಟಿ ಶೂ ಖಡೇಬಜಾರದಲ್ಲಿ ₹850, ಝೆರಾಕ್ಸ್ ಪ್ರಿಂಟ್ ಎಲ್ಲ ಸೇರಿ ₹200ರ ಒಳಗೆ, ಚಹಾ ಬಿಲ್ಲು ಬಹಳ ಸಲ ಎದುರಿನವರೇ ಕೊಟ್ಟರು. ಬಸ್ಸಿಗೆ ಏನೂ ಇಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಆಧಾರ್ ತೋರಿಸಿ ಸೊನ್ನೆ ಟಿಕೆಟಿನಲ್ಲಿ ಬೈಲಹೊಂಗಲ, ಬೆಳಗಾವಿ, ಉದ್ಯಮಬಾಗ ಎಲ್ಲ ಓಡಾಡಿದೆ. ಹುಡುಗರು ಸಿಟಿ ಬಸ್ ಪಾಸ್ ಮಾಡಿಸಿಕೊಳ್ಳಿ. ಶೂ ಕೊಳ್ಳುವ ಮೊದಲು ಸೀನಿಯರ್ಸ್ ಹತ್ತಿರ ಕೇಳಿ ನೋಡಿ, ನನ್ನದು 6 ನಂಬರ್, ಯಾರಿಗಾದರೂ ಒಂದು ದಿನಕ್ಕೆ ಬೇಕಾದರೆ ಕೊಡುತ್ತೇನೆ. ಜನವರಿಯಿಂದ ಮಾತ್ರ ಕೇಳಬೇಡಿ, ಆಗ ನನಗೇ ಬೇಕು.